ರೇಡಿಯೊ ಟ್ಯೂನಿಂಗ್‌ಗೆ ಕಾಯಿಲ್ ಮತ್ತು ಕಂಡೆನ್ಸರ್ ಆಯ್ಕೆ: ನಕ್ಷೆಯಲ್ಲಿ ಕಾಣದ ಪಿಕೊಫ್ಯಾರಡ್‌ಗಳ ಲೆಕ್ಕ

ನಾನು ಮೊದಲ ಬಾರಿಗೆ ಕೈಯಾರೆ ಕಾಯಿಲ್ ಸುತ್ತಿ ಮಾಡಿದ ರೇಡಿಯೊದಲ್ಲಿ ಬೆಂಗಳೂರು ಆಕಾಶವಾಣಿ ಸ್ಪಷ್ಟವಾಗಿ ಕೇಳಿಸಿತು, ರಾತ್ರಿಯಾದ ಮೇಲೆ ಧಾರವಾಡವೂ ಸಣ್ಣಗೆ ಕೇಳಿಸಿತು. ಆದರೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಅದರಾಚೆಗಿನ ಒಂದು ಕೇಂದ್ರವೂ ಸಿಗಲಿಲ್ಲ. ಲೆಕ್ಕವನ್ನು ಮತ್ತೆ ಮತ್ತೆ ನೋಡಿದೆ, ತಪ್ಪಿರಲಿಲ್ಲ. ಸುತ್ತುಗಳನ್ನು ಎಣಿಸಿದೆ, ಅವೂ ಸರಿಯಿದ್ದವು. ಎರಡು ದಿನ ಕಳೆದ ಮೇಲೆ ತಿಳಿದದ್ದು ಇಷ್ಟು: ತಾರಸಿಯಿಂದ ಇಳಿಬಿಟ್ಟಿದ್ದ ಹದಿನೈದು ಮೀಟರ್ ತಂತಿ ಆಂಟೆನಾ ಮಾತ್ರವಲ್ಲ, ಸುಮಾರು 100 ಪಿಕೊಫ್ಯಾರಡ್‌ನ ಒಂದು ಕಂಡೆನ್ಸರ್ ಕೂಡ ಆಗಿತ್ತು. ರೇಡಿಯೊದ ಸರ್ಕ್ಯೂಟ್ ನಕ್ಷೆಯಲ್ಲಿ ನಾನು ಅದನ್ನು ಬರೆದೇ ಇರಲಿಲ್ಲ.

ಟ್ಯೂನಿಂಗ್ ಮಂಡಲದಲ್ಲಿ (ಸರ್ಕ್ಯೂಟಿನಲ್ಲಿ) ಇರುವುದು ಎರಡೇ ಬಿಡಿಭಾಗ, ಒಂದು ಕಾಯಿಲ್ ಮತ್ತು ಒಂದು ಕಂಡೆನ್ಸರ್. ಸೂತ್ರವೂ ಒಂದೇ. ಆದರೂ ಹೊಸಬರು ಕಟ್ಟಿದ ರೇಡಿಯೊಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲಿಯೇ. ಕಾರಣ, ಬರೆಯದ ಕಂಡೆನ್ಸರುಗಳು ಲೆಕ್ಕಕ್ಕೆ ಬಂದಿರುವುದಿಲ್ಲ. ಈ ಲೇಖನದಲ್ಲಿ ಮಧ್ಯಮ ತರಂಗದ (ಮೀಡಿಯಂ ವೇವ್) ರೇಡಿಯೊ ಒಂದಕ್ಕೆ ಕಾಯಿಲ್, ಕಂಡೆನ್ಸರುಗಳ ಬೆಲೆಗಳನ್ನು, ಅಂದರೆ ದರವನ್ನಲ್ಲ, ಅಳತೆಗಳನ್ನು, ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ತೋರಿಸುತ್ತೇನೆ. ಪಕ್ಕದಲ್ಲಿ ಕಾಗದ ಮತ್ತು ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ.

ಸೂತ್ರವನ್ನು ಕೈಗೆ ಒಗ್ಗಿಸಿಕೊಳ್ಳುವುದು

ಪುಸ್ತಕದ ಸೂತ್ರದಲ್ಲಿ ವರ್ಗಮೂಲ, ಪೈ, ಹತ್ತರ ಋಣ ಘಾತಗಳೆಲ್ಲ ಇರುತ್ತವೆ. ಸೊನ್ನೆಗಳನ್ನು ಎಣಿಸುವಾಗಲೇ ತಪ್ಪುಗಳಾಗುತ್ತವೆ. ರೇಡಿಯೊ ಕೆಲಸಕ್ಕೆ ಅದನ್ನು ಹೀಗೆ ಬರೆದುಕೊಂಡರೆ ಸುಲಭ:

ಆವೃತ್ತಿಯ ವರ್ಗ × ಪ್ರೇರಕತೆ × ಧಾರಕತೆ = 25,330

ಇಲ್ಲಿ ಆವೃತ್ತಿ (ಫ್ರೀಕ್ವೆನ್ಸಿ) ಮೆಗಾಹರ್ಟ್ಸ್‌ನಲ್ಲಿ, ಕಾಯಿಲಿನ ಪ್ರೇರಕತೆ (ಇಂಡಕ್ಟೆನ್ಸ್) ಮೈಕ್ರೊಹೆನ್ರಿಯಲ್ಲಿ, ಕಂಡೆನ್ಸರಿನ ಧಾರಕತೆ (ಕೆಪಾಸಿಟೆನ್ಸ್) ಪಿಕೊಫ್ಯಾರಡ್‌ನಲ್ಲಿ ಇರಬೇಕು. 612 ಕಿಲೊಹರ್ಟ್ಸ್ ಎಂದರೆ 0.612. ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ಒಂದು ಭಾಗಾಕಾರದಲ್ಲಿ ಸಿಗುತ್ತದೆ.

ಸೂತ್ರದಲ್ಲಿ ಆವೃತ್ತಿಗೆ ವರ್ಗವಿದೆ ಎಂಬುದನ್ನು ಗಮನಿಸಿ. ಆವೃತ್ತಿ ಎರಡರಷ್ಟಾಗಬೇಕಾದರೆ ಧಾರಕತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಬೇಕು. ಮುಂದಿನ ಎಲ್ಲ ತೊಡಕೂ ಈ ವರ್ಗದಿಂದಲೇ ಹುಟ್ಟುತ್ತದೆ.

ಮೊದಲ ಹೆಜ್ಜೆ: ಎಲ್ಲಿಂದ ಎಲ್ಲಿಯವರೆಗೆ?

ನಮ್ಮ ದೇಶದಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು 531ರಿಂದ 1602 ಕಿಲೊಹರ್ಟ್ಸ್‌ವರೆಗೆ, 9 ಕಿಲೊಹರ್ಟ್ಸ್ ಅಂತರದಲ್ಲಿ ಹಂಚಲಾಗಿದೆ. ಬೆಂಗಳೂರಿನದು 612, ಭದ್ರಾವತಿಯದು 675, ಧಾರವಾಡದ್ದು 765, ಮಂಗಳೂರಿನದು 1089. ಇವು ಯಾವುವೂ ಈ ಆವೃತ್ತಿ ಪಟ್ಟಿಯ (ಬ್ಯಾಂಡಿನ) ಅಂಚಿನಲ್ಲಿಲ್ಲ, ಹಾಗೆಂದು ಅಂಚನ್ನು ಬಿಟ್ಟುಬಿಡುವುದು ಬೇಡ. ಬಿಡಿಭಾಗಗಳ ಬೆಲೆಯಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕಾಗಿ ಎರಡೂ ಕಡೆ ಶೇಕಡ 2ರಷ್ಟು ಹೆಚ್ಚುವರಿ ಇಟ್ಟು 520ರಿಂದ 1640 ಎಂದು ಗುರಿ ಹಾಕೋಣ.

1640ನ್ನು 520ರಿಂದ ಭಾಗಿಸಿದರೆ 3.154. ಇದರ ವರ್ಗ 9.95. ಗುಂಡಿ ಒಂದು ತುದಿಯಲ್ಲಿದ್ದಾಗಿನ ಒಟ್ಟು ಧಾರಕತೆ ಇನ್ನೊಂದು ತುದಿಯಲ್ಲಿದ್ದಾಗಿನ ಒಟ್ಟು ಧಾರಕತೆಯ ಹೆಚ್ಚುಕಡಿಮೆ ಹತ್ತರಷ್ಟಿರಬೇಕು ಎಂದು ಇದರರ್ಥ. ಈ ಸಂಖ್ಯೆಯನ್ನು ಕಾಗದದ ಮೇಲ್ತುದಿಯಲ್ಲಿ ಬರೆದಿಡಿ. ಕಾಯಿಲ್ ಎಷ್ಟೇ ದೊಡ್ಡದಿರಲಿ, ಸಣ್ಣದಿರಲಿ, ಈ ಅನುಪಾತ ಬದಲಾಗುವುದಿಲ್ಲ. ಆದ್ದರಿಂದ ಆಯ್ಕೆ ಆರಂಭವಾಗಬೇಕಾದದ್ದು ಕಾಯಿಲಿನಿಂದಲ್ಲ, ಗ್ಯಾಂಗ್ ಕಂಡೆನ್ಸರಿನಿಂದ, ಅಂದರೆ ಗುಂಡಿ ತಿರುಗಿಸಿದಂತೆ ಧಾರಕತೆ ಬದಲಾಗುವ ಕಂಡೆನ್ಸರಿನಿಂದ. ಕಾಯಿಲನ್ನು ನಾವೇ ಸುತ್ತುತ್ತೇವೆ, ಯಾವ ಬೆಲೆ ಬೇಕಾದರೂ ಬರಿಸಿಕೊಳ್ಳಬಹುದು. ಗ್ಯಾಂಗ್ ಹಾಗಲ್ಲ, ಸಿಕ್ಕಿದ್ದರಲ್ಲಿ ಹೊಂದಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಗ್ಯಾಂಗನ್ನು ಅಳೆಯುವುದು

ಹಳೆಯ ವಾಲ್ವ್ ರೇಡಿಯೊಗಳಿಂದ ಬಿಚ್ಚಿದ, ಗಾಳಿಯಲ್ಲಿ ತಗಡುಗಳು ತಿರುಗುವ ಗ್ಯಾಂಗ್ ಸಿಕ್ಕಿದರೆ ಬಿಡಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ನಿಮ್ಮ ಊರಿನ ಹಳೆಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ. ಅವುಗಳಲ್ಲಿ ಒಂದು ವಿಭಾಗ ಸಾಮಾನ್ಯವಾಗಿ 365ರಿಂದ 500 ಪಿಕೊಫ್ಯಾರಡ್ ಇರುತ್ತದೆ. ಪುಟ್ಟ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿರುವ ಚೌಕಾಕಾರದ ಪಿವಿಸಿ ಗ್ಯಾಂಗ್‌ನಲ್ಲಿ ದೊಡ್ಡ ವಿಭಾಗ ಸುಮಾರು 140 ಪಿಕೊಫ್ಯಾರಡ್.

ಬೆಲೆಯನ್ನು ಯಾರೋ ಹೇಳಿದ್ದರಿಂದ ನಂಬಬೇಡಿ, ಅಳೆಯಿರಿ. ಧಾರಕತೆ ಅಳೆಯುವ ಮಲ್ಟಿಮೀಟರ್ ಸಾಕು. ಗ್ಯಾಂಗ್ ಜೋಡಿಸುವ ಮೊದಲು ಮೀಟರಿನ ತಂತಿಗಳೇ ಎಷ್ಟು ತೋರಿಸುತ್ತವೆ ಎಂದು ನೋಡಿ, ಅದನ್ನು ಕಳೆಯಿರಿ. ತಗಡುಗಳು ಪೂರ್ತಿ ಒಳಗಿದ್ದಾಗ ಒಂದು ಅಳತೆ, ಪೂರ್ತಿ ಹೊರಬಂದಾಗ ಇನ್ನೊಂದು. ಎರಡನೆಯದನ್ನು ಸೊನ್ನೆ ಎಂದು ಭಾವಿಸುವವರು ಬಹಳ ಮಂದಿ. ಅದು ಸೊನ್ನೆಯಲ್ಲ, 10ರಿಂದ 15 ಪಿಕೊಫ್ಯಾರಡ್ ಉಳಿದೇ ಇರುತ್ತದೆ. ಬರೆಯದ ಕಂಡೆನ್ಸರುಗಳ ಸಾಲಿನಲ್ಲಿ ಇದು ಮೊದಲನೆಯದು. ತಿರುಗಿಸುವಾಗ ಅಳತೆ ಒಮ್ಮೆಲೇ ಜಿಗಿದರೆ ಎಲ್ಲೋ ತಗಡು ತಗಡಿಗೆ ತಾಗುತ್ತಿದೆ ಎಂದರ್ಥ. ತೆಳ್ಳನೆಯ ಕಾಗದ ತೂರಿಸಿ ಬಿಡಿಸಿ.

ನಮ್ಮ ಉದಾಹರಣೆಗೆ 365 ಮತ್ತು 12 ಬಂತು ಎಂದಿಟ್ಟುಕೊಳ್ಳೋಣ.

ಮೂರನೆಯ ಹೆಜ್ಜೆ: ಕಾಣದ ಧಾರಕತೆಗೆ ಎಷ್ಟು ಜಾಗ?

365ನ್ನು 12ರಿಂದ ಭಾಗಿಸಿದರೆ 30 ಬರುತ್ತದೆ. ನಮಗೆ ಬೇಕಿರುವುದು 9.95 ಮಾತ್ರ. ಹಾಗಾದರೆ ಗ್ಯಾಂಗ್ ಬೇಕಾದದ್ದಕ್ಕಿಂತ ಮೂರು ಪಟ್ಟು ಸಮರ್ಥವಾಗಿದೆಯೇ? ಇಲ್ಲ. ಗ್ಯಾಂಗಿಗೆ ಸಮಾಂತರವಾಗಿ ತಂತಿ, ಕಾಯಿಲ್, ಆಂಟೆನಾ, ತರಂಗದಿಂದ ಧ್ವನಿಯನ್ನು ಬಿಡಿಸಿಕೊಡುವ ಡಯೋಡ್ ಎಲ್ಲವೂ ತಮ್ಮ ಪಾಲಿನ ಪಿಕೊಫ್ಯಾರಡ್‌ಗಳನ್ನು ಸೇರಿಸುತ್ತವೆ. ಇವುಗಳ ಮೊತ್ತವನ್ನು 'ಹೆಚ್ಚುವರಿ' ಎಂದು ಕರೆಯೋಣ. ಅದು ಎರಡೂ ತುದಿಯಲ್ಲಿ ಒಂದೇ ಸಮನಾಗಿ ಕೂಡಿಕೊಳ್ಳುತ್ತದೆ. 365ಕ್ಕೆ ಇನ್ನೊಂದಿಷ್ಟು ಸೇರಿದರೆ ಅಂತಹ ಬದಲಾವಣೆ ಕಾಣುವುದಿಲ್ಲ, 12ಕ್ಕೆ ಸೇರಿದರೆ ಅದು ಮೂರು ಪಟ್ಟಾಗಿಬಿಡುತ್ತದೆ. ಪಟ್ಟಿಯ ಮೇಲಿನ ತುದಿಯನ್ನು ಕುಸಿಯುವಂತೆ ಮಾಡುವುದು ಇದೇ.

ಹೆಚ್ಚುವರಿ ಎಷ್ಟಿದ್ದರೆ ಅನುಪಾತ ಸರಿಯಾಗಿ 9.95 ಆಗುತ್ತದೆ? ಹೀಗೆ ಲೆಕ್ಕ ಹಾಕಿ: ಕನಿಷ್ಠ ಬೆಲೆಯನ್ನು 9.95ರಿಂದ ಗುಣಿಸಿ, ಗರಿಷ್ಠ ಬೆಲೆಯಿಂದ ಕಳೆಯಿರಿ, ಬಂದದ್ದನ್ನು 8.95ರಿಂದ ಭಾಗಿಸಿ. 12 × 9.95 ಎಂದರೆ 119.4. 365ರಿಂದ ಅದನ್ನು ಕಳೆದರೆ 245.6. ಭಾಗಿಸಿದರೆ 27.4. ನಮ್ಮ ಕಾಣದ ಧಾರಕತೆಗೆಲ್ಲ ಸೇರಿ ಇರುವ ಜಾಗ 27 ಪಿಕೊಫ್ಯಾರಡ್.

ಈಗ ಕಾಯಿಲ್ ತಾನಾಗಿಯೇ ಗೊತ್ತಾಗುತ್ತದೆ. ಗರಿಷ್ಠ ಒಟ್ಟು 365 + 27.4 = 392.4. ಆವೃತ್ತಿ 0.52, ಅದರ ವರ್ಗ 0.2704. 25,330ನ್ನು ಈ ಎರಡರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 239. ಅದನ್ನು 240 ಮೈಕ್ರೊಹೆನ್ರಿ ಎಂದು ತೆಗೆದುಕೊಳ್ಳೋಣ. ತಾಳೆ ನೋಡಿದರೆ, 240ಕ್ಕೆ ಕೆಳಗಿನ ತುದಿ 519, ಮೇಲಿನ ತುದಿ 1636 ಕಿಲೊಹರ್ಟ್ಸ್. ಪಟ್ಟಿ ಪೂರ್ತಿ ಒಳಗೆ ಬಂತು.

ಇದೇ ಲೆಕ್ಕವನ್ನು ಬೇರೆ ಗ್ಯಾಂಗ್‌ಗಳಿಗೆ ಮಾಡಿದರೆ ಒಂದು ಮುಖ್ಯ ಸಂಗತಿ ಹೊರಬೀಳುತ್ತದೆ. ಗರಿಷ್ಠ 500, ಕನಿಷ್ಠ 14 ಇರುವ ದೊಡ್ಡ ಗ್ಯಾಂಗಿಗೆ ಕಾಯಿಲ್ 173 ಮೈಕ್ರೊಹೆನ್ರಿ ಸಾಕು, ಕಾಣದ ಧಾರಕತೆಗೆ 40 ಪಿಕೊಫ್ಯಾರಡ್ ಜಾಗ ಸಿಗುತ್ತದೆ. ಗರಿಷ್ಠ 140, ಕನಿಷ್ಠ 5 ಇರುವ ಪಿವಿಸಿ ಗ್ಯಾಂಗಿಗೆ 624 ಮೈಕ್ರೊಹೆನ್ರಿ ಬೇಕು, ಜಾಗ ಮಾತ್ರ ಕೇವಲ 10 ಪಿಕೊಫ್ಯಾರಡ್. ಪುಟ್ಟ ಟ್ರಾನ್ಸಿಸ್ಟರುಗಳು ಹೊರಗಿನ ತಂತಿಯಿಲ್ಲದೆ ಒಳಗಿನ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಯಲ್ಲೇ ಕೆಲಸ ಮಾಡುವುದರಿಂದ ಅವಕ್ಕೆ ಆ ಹತ್ತು ಸಾಕಾಗುತ್ತದೆ. ತಾರಸಿಯ ತಂತಿ ಜೋಡಿಸಿ ಕೇಳುವ ರೇಡಿಯೊ ಮಾಡಲು ಹೊರಟವರು ಪಿವಿಸಿ ಗ್ಯಾಂಗ್ ಹಿಡಿದರೆ ಮೊದಲ ದಿನವೇ ಇಕ್ಕಟ್ಟಿಗೆ ಸಿಲುಕುತ್ತಾರೆ. ಅಂಥವರಿಗೆ ನಾನು ಗಾಳಿ ಗ್ಯಾಂಗನ್ನೇ ಹುಡುಕಿ ಎನ್ನುತ್ತೇನೆ.

ನಾಲ್ಕನೆಯ ಹೆಜ್ಜೆ: 27 ಪಿಕೊಫ್ಯಾರಡ್‌ಗಳನ್ನು ಹಂಚುವುದು

ಮನೆಯ ತಿಂಗಳ ಖರ್ಚನ್ನು ಬರೆದಂತೆ ಇದನ್ನೂ ಬರೆಯಬೇಕು. ಒಂದೇ ಪದರದಲ್ಲಿ ಸುತ್ತಿದ ಕಾಯಿಲಿಗೆ ತನ್ನದೇ ಧಾರಕತೆ ಸುಮಾರು 3. ತಂತಿಗಳಿಗೆ, ಬೆಸುಗೆ ಜಾಗಗಳಿಗೆ, ಡಯೋಡಿಗೆ ಸೇರಿ 5. ಆಂಟೆನಾಗೆ 9. ಉಳಿದ 10ನ್ನು ಟ್ರಿಮ್ಮರಿಗೆ, ಅಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವ ಪುಟ್ಟ ಕಂಡೆನ್ಸರಿಗೆ, ಬಿಡಿ. ಮೊದಲ ಮೂರು ನಮ್ಮ ಹಿಡಿತದಲ್ಲಿ ಪೂರ್ತಿ ಇಲ್ಲ, ಅಂದಾಜು ತಪ್ಪಿದರೆ ಟ್ರಿಮ್ಮರ್ ಆ ತಪ್ಪನ್ನು ನುಂಗಿಕೊಳ್ಳಬೇಕು. 5ರಿಂದ 30 ಪಿಕೊಫ್ಯಾರಡ್‌ನ ಟ್ರಿಮ್ಮರ್ ಇದಕ್ಕೆ ಸರಿಯಾಗುತ್ತದೆ.

ಆಂಟೆನಾಗೆ 9 ಎಂದದ್ದು ಹೇಗೆ ಎಂದು ಕೇಳಬಹುದು. ತಂತಿಯ ಧಾರಕತೆ 100 ಇರುವಾಗ ಅದನ್ನು ಕಾಯಿಲಿನ ತುದಿಗೆ ನೇರವಾಗಿ ಬೆಸೆದರೆ ಕನಿಷ್ಠ ಒಟ್ಟು ಧಾರಕತೆ 39ರಿಂದ 139ಕ್ಕೆ ಏರುತ್ತದೆ. ಆಗ ಮೇಲಿನ ತುದಿ 1636 ಅಲ್ಲ, 870 ಕಿಲೊಹರ್ಟ್ಸ್. ಕೆಳಗಿನ ತುದಿ 463ಕ್ಕೆ ಜಾರುತ್ತದೆ. ಬೆಂಗಳೂರು, ಭದ್ರಾವತಿ, ಧಾರವಾಡ ಒಳಗೆ ಉಳಿಯುತ್ತವೆ, ಮಂಗಳೂರು ಹೊರಗುಳಿಯುತ್ತದೆ. ಆ ಮೊದಲ ರೇಡಿಯೊದಲ್ಲಿ ನನಗೆ ಆದದ್ದು ಇದೇ. ಪರಿಹಾರಕ್ಕೆ ಬೇಕಾದದ್ದು 10 ಪಿಕೊಫ್ಯಾರಡ್‌ನ ಒಂದು ಸಣ್ಣ ಕಂಡೆನ್ಸರ್. ಆಂಟೆನಾ ಮತ್ತು ಕಾಯಿಲಿನ ನಡುವೆ ಅದನ್ನು ಸರಣಿಯಲ್ಲಿ ಇಟ್ಟರೆ 100 ಮತ್ತು 10 ಸೇರಿ ಕಾಯಿಲಿಗೆ ಕಾಣುವುದು 9.1 ಮಾತ್ರ. ನಾಳೆ ತಂತಿಯನ್ನು ಇನ್ನೂ ಹತ್ತು ಮೀಟರ್ ಉದ್ದ ಮಾಡಿದರೂ ಅದು 9.5 ದಾಟುವುದಿಲ್ಲ. ಧ್ವನಿ ಸ್ವಲ್ಪ ಕುಗ್ಗುತ್ತದೆ, ನಿಜ. ಕೇಂದ್ರ ದೂರವಿದ್ದು ಧ್ವನಿ ಸಾಲದಿದ್ದರೆ 22 ಹಾಕಿ, ಆಗ ಆಂಟೆನಾದ ಪಾಲು 18 ಆಗುತ್ತದೆ, ಟ್ರಿಮ್ಮರಿನ ಪಾಲು ಹೆಚ್ಚುಕಡಿಮೆ ಮುಗಿದಂತೆ.

ಆಂಟೆನಾ ತಂತಿಯನ್ನು ವಿದ್ಯುತ್ ಕಂಬ, ಕರೆಂಟಿನ ತಂತಿಗಳಿಂದ ಬಹುದೂರ ಕಟ್ಟಿ. ಗುಡುಗು ಮಿಂಚಿನ ದಿನ ರೇಡಿಯೊದಿಂದ ಕಳಚಿ ಮನೆಯ ಹೊರಗೇ ಭೂಮಿಗೆ ಜೋಡಿಸಿಡಿ.

ಬರೆಯದ ಕಂಡೆನ್ಸರುಗಳಲ್ಲಿ ನಿಮ್ಮ ಕೈಯೂ ಒಂದು. ಗುಂಡಿ ಮುಟ್ಟಿದಾಗ ಸರಿಯಾಗಿ ಕೇಳಿ, ಕೈ ತೆಗೆದೊಡನೆ ಕೇಂದ್ರ ಜಾರಿದರೆ ಗ್ಯಾಂಗಿನ ಎರಡು ಕೊನೆಗಳು ಅದಲುಬದಲಾಗಿವೆ. ತಿರುಗುವ ತಗಡುಗಳು, ಅಂದರೆ ಹಿಡಿಯ ಸರಳು ಮತ್ತು ಲೋಹದ ಚೌಕಟ್ಟು, ಯಾವಾಗಲೂ ಭೂಮಿಯ ಕಡೆಗೆ ಇರಬೇಕು.

ಐದನೆಯ ಹೆಜ್ಜೆ: 240 ಮೈಕ್ರೊಹೆನ್ರಿಯ ಕಾಯಿಲ್ ಸುತ್ತುವುದು

ಒಂದೇ ಪದರದ ಕಾಯಿಲಿಗೆ ವೀಲರ್ ಸೂತ್ರ ಇಂದಿಗೂ ನಂಬಬಹುದಾದದ್ದು. ಸೆಂಟಿಮೀಟರಿನಲ್ಲಿ ಅದು ಹೀಗಿದೆ: ತ್ರಿಜ್ಯದ ವರ್ಗವನ್ನು ಸುತ್ತುಗಳ ವರ್ಗದಿಂದ ಗುಣಿಸಿ, 0.394ರಿಂದಲೂ ಗುಣಿಸಿ. ಬಂದದ್ದನ್ನು, ತ್ರಿಜ್ಯದ 9 ಪಟ್ಟು ಮತ್ತು ಕಾಯಿಲಿನ ಉದ್ದದ 10 ಪಟ್ಟು ಸೇರಿದ ಮೊತ್ತದಿಂದ ಭಾಗಿಸಿ. ಉತ್ತರ ಮೈಕ್ರೊಹೆನ್ರಿಯಲ್ಲಿ ಬರುತ್ತದೆ.

ಹೊರ ವ್ಯಾಸ 50 ಮಿಲಿಮೀಟರ್ ಇರುವ ಪಿವಿಸಿ ಪೈಪು ನಳದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಹತ್ತು ಸೆಂಟಿಮೀಟರಿನ ತುಂಡು ಸಾಕು. ತಂತಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ. ಎನಾಮಲ್ ಲೇಪದ 26 ಗೇಜ್ ತಾಮ್ರದ ತಂತಿ ಕೇಳಿ. ಅವರು ತೂಕದಲ್ಲಿ ಮಾರುತ್ತಾರೆ, 25 ಗ್ರಾಂ ತೆಗೆದುಕೊಂಡರೆ ಹದಿನೈದು ಮೀಟರಿಗೂ ಮೇಲೆ ಬರುತ್ತದೆ. ತಾಮ್ರದ ದಪ್ಪ 0.457 ಮಿಲಿಮೀಟರ್, ಲೇಪ ಸೇರಿ ಸುತ್ತೊಂದಕ್ಕೆ ಅರ್ಧ ಮಿಲಿಮೀಟರ್ ಎಂದು ಹಿಡಿಯಿರಿ. ತ್ರಿಜ್ಯವನ್ನು ತಂತಿಯ ನಡುವಿನವರೆಗೆ, 2.525 ಸೆಂಟಿಮೀಟರ್ ಎಂದು ಹಿಡಿದು, ಈ ಅಳತೆಗಳನ್ನು ಸೂತ್ರಕ್ಕೆ ಹಾಕಿದರೆ 76 ಸುತ್ತಿಗೆ 239 ಮೈಕ್ರೊಹೆನ್ರಿ ಬರುತ್ತದೆ. ಕಾಯಿಲಿನ ಉದ್ದ 3.8 ಸೆಂಟಿಮೀಟರ್, ತಂತಿ ಹನ್ನೆರಡು ಮೀಟರ್.

ಆದರೆ ಸುತ್ತುವಾಗ 80 ಸುತ್ತಿ. ಬಿಚ್ಚುವುದು ಸುಲಭ, ಸೇರಿಸುವುದು ಕಷ್ಟ. ಪೈಪಿನ ಒಂದು ತುದಿಯಲ್ಲಿ ಎರಡು ಸಣ್ಣ ತೂತು ಕೊರೆದು ತಂತಿಯನ್ನು ಹೆಣೆದು ಬಿಗಿಮಾಡಿ. ಇದು ಭೂಮಿಯ ಕಡೆಯ ತುದಿ. ಅಲ್ಲಿಂದ 26ನೆಯ ಸುತ್ತಿನಲ್ಲಿ ಮತ್ತು 38ನೆಯ ಸುತ್ತಿನಲ್ಲಿ ತಂತಿಯನ್ನು ಕತ್ತರಿಸದೆ ಒಂದೊಂದು ಕುಣಿಕೆ ತಿರುಚಿ ಹೊರಗೆ ಬಿಡಿ. ಇವುಗಳ ಉಪಯೋಗವನ್ನು ಮುಂದೆ ಹೇಳುತ್ತೇನೆ. ತಂತಿಯ ಇನ್ನೊಂದು ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿದುಕೊಂಡು ನಿಂತರೆ, ನೀವು ಪೈಪನ್ನು ತಿರುಗಿಸುತ್ತ ಅವರತ್ತ ನಡೆದು ಹೋದರೆ ಸುತ್ತುಗಳು ಒತ್ತೊತ್ತಾಗಿ, ಅಂದವಾಗಿ ಕೂರುತ್ತವೆ.

ರಟ್ಟಿನ ಕೊಳವೆಯ ಮೇಲೂ ಸುತ್ತಬಹುದು. ಆದರೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ತೇವವನ್ನು ರಟ್ಟು ಹೀರಿಕೊಳ್ಳುತ್ತದೆ, ಕಾಯಿಲಿನ ಗುಣ ಕೆಡುತ್ತದೆ. ರಟ್ಟೇ ಆಗಬೇಕೆಂದಿದ್ದರೆ ಮೊದಲು ವಾರ್ನಿಷ್ ಹಚ್ಚಿ ಪೂರ್ತಿ ಒಣಗಿಸಿ. ಕಾಯಿಲನ್ನು ಗ್ಯಾಂಗಿನ ಲೋಹಕ್ಕೆ ಅಂಟಿಸಿದಂತೆ ಇಡಬೇಡಿ. ಕಾಯಿಲಿನ ವ್ಯಾಸದಷ್ಟಾದರೂ ದೂರ ಬೇಕು.

ಫೆರೈಟ್ ಕಡ್ಡಿಯ ಮೇಲೆ ಸುತ್ತುವವರಿಗೆ ಈ ಸೂತ್ರ ಒದಗುವುದಿಲ್ಲ, ಕಡ್ಡಿಯಿಂದ ಕಡ್ಡಿಗೆ ವ್ಯತ್ಯಾಸ ಬಹಳ. ಕಡ್ಡಿಯ ನಡುವೆ ಕಾಗದದ ಕೊಳವೆಯ ಮೇಲೆ 20 ಸುತ್ತು ಹಾಕಿ ಪ್ರೇರಕತೆ ಅಳೆಯಿರಿ. ಬೇಕಾದ ಬೆಲೆಯನ್ನು ಅಳತೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 20ರಿಂದ ಗುಣಿಸಿದರೆ ಸುತ್ತುಗಳ ಸಂಖ್ಯೆ ಸಿಗುತ್ತದೆ. ಕೊನೆಯ ಹೊಂದಿಕೆಗೆ ಕೊಳವೆಯನ್ನು ಜರುಗಿಸಿದರಾಯಿತು: ಕಡ್ಡಿಯ ತುದಿಯತ್ತ ಹೋದಂತೆ ಪ್ರೇರಕತೆ ಕಡಿಮೆಯಾಗುತ್ತದೆ.

ಆರನೆಯ ಹೆಜ್ಜೆ: ಕೇಂದ್ರಗಳು ಒಂದರ ಮೇಲೊಂದು ಬೀಳದಂತೆ

ಆವೃತ್ತಿ ಸರಿಯಾಗಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಮಂಡಲ ಎಷ್ಟು ಹರಿತವಾಗಿದೆ ಎಂಬುದೂ ಮುಖ್ಯ. ಅದನ್ನು ಕ್ಯೂ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಕೇಂದ್ರದ ಆವೃತ್ತಿಯನ್ನು ಕ್ಯೂನಿಂದ ಭಾಗಿಸಿದರೆ ಮಂಡಲ ಒಳಬಿಡುವ ಪಟ್ಟಿಯ ಅಗಲ ಬರುತ್ತದೆ. ಮೇಲೆ ಹೇಳಿದ ಕಾಯಿಲಿಗೆ ಕ್ಯೂ 150 ಎಂದು ಹಿಡಿದರೆ, 612ರಲ್ಲಿ ಅಗಲ 4 ಕಿಲೊಹರ್ಟ್ಸ್. ಇದು ಹರಿತವೇನೋ ಹೌದು, ಮಾತಿಗೆ ಸ್ವಲ್ಪ ಹೆಚ್ಚೇ ಹರಿತ. ಆದರೆ ಡಯೋಡ್ ಜೋಡಿಸಿದೊಡನೆ ಚಿತ್ರ ಬದಲಾಗುತ್ತದೆ.

612 ಕಿಲೊಹರ್ಟ್ಸ್‌ನಲ್ಲಿ ನಮ್ಮ ಕಾಯಿಲಿನ ಪ್ರತಿಘಾತ (ರಿಯಾಕ್ಟೆನ್ಸ್, ಆ ಆವೃತ್ತಿಯ ಪ್ರವಾಹಕ್ಕೆ ಕಾಯಿಲ್ ಒಡ್ಡುವ ತಡೆ) 923 ಓಮ್. ಅದನ್ನು 150ರಿಂದ ಗುಣಿಸಿದರೆ, ಅನುರಣನೆಯಲ್ಲಿ, ಅಂದರೆ ಕೇಂದ್ರದ ಆವೃತ್ತಿಗೆ ಸರಿಯಾಗಿ ಕೂತಾಗ, ಇಡೀ ಮಂಡಲ 138 ಕಿಲೊಓಮ್‌ನ ರೋಧದಂತೆ ಕಾಣುತ್ತದೆ. ಜರ್ಮೇನಿಯಂ ಡಯೋಡ್ ಮತ್ತು ಇಯರ್‌ಫೋನ್ ಸೇರಿ 40 ಕಿಲೊಓಮ್‌ನ ಹೊರೆ ಹಾಕುತ್ತವೆ ಎಂದಿಟ್ಟುಕೊಳ್ಳಿ. ಎರಡೂ ಸಮಾಂತರವಾಗಿ ಕುಳಿತಾಗ ಕ್ಯೂ 150ರಿಂದ 34ಕ್ಕೆ ಬೀಳುತ್ತದೆ, ಅಗಲ 18 ಕಿಲೊಹರ್ಟ್ಸ್ ಆಗುತ್ತದೆ. ಒಂದು ಕೇಂದ್ರದ ಜೊತೆಗೆ ಅಕ್ಕಪಕ್ಕದ ಕೇಂದ್ರಗಳೂ ಒಳಗೆ ನುಗ್ಗುತ್ತವೆ.

ಆ ಕುಣಿಕೆಗಳು ಇರುವುದು ಇದಕ್ಕಾಗಿ. ಡಯೋಡನ್ನು ಕಾಯಿಲಿನ ತುದಿಗೆ ಜೋಡಿಸದೆ 38ನೆಯ ಸುತ್ತಿಗೆ, ಅಂದರೆ ಅರ್ಧಕ್ಕೆ ಜೋಡಿಸಿದರೆ, ಅದರ ಹೊರೆ ಮಂಡಲಕ್ಕೆ ನಾಲ್ಕು ಪಟ್ಟು ಹಗುರವಾಗಿ ಕಾಣುತ್ತದೆ. ಕ್ಯೂ ಸುಮಾರು 80, ಅಗಲ ಏಳೂವರೆ ಕಿಲೊಹರ್ಟ್ಸ್. 26ನೆಯ ಸುತ್ತಿಗೆ, ಮೂರನೆಯ ಒಂದು ಭಾಗಕ್ಕೆ, ಜೋಡಿಸಿದರೆ ಒಂಬತ್ತು ಪಟ್ಟು ಹಗುರ. ಕ್ಯೂ 108, ಅಗಲ ಆರಕ್ಕಿಂತ ಕಡಿಮೆ. ಊರಿನ ಹತ್ತಿರವೇ ಪ್ರಬಲ ಕೇಂದ್ರವಿದ್ದು ಅದು ಉಳಿದವನ್ನು ಮುಚ್ಚಿಹಾಕುತ್ತಿದ್ದರೆ 26ಕ್ಕೆ ಹಾಕಿ. ಇಲ್ಲದಿದ್ದರೆ 38 ಒಳ್ಳೆಯದು, ಧ್ವನಿ ತುಂಬಿಕೊಂಡು ಬರುತ್ತದೆ. ನನ್ನ ಮನೆಯಲ್ಲಿ ಇಂದಿಗೂ 38ರಲ್ಲೇ ಇದೆ.

ಒಂದೇ ಕೇಂದ್ರ ಸಾಕು ಎನ್ನುವವರಿಗೆ

ಗ್ಯಾಂಗ್ ಸಿಗದವರು ನಿರಾಶರಾಗಬೇಕಿಲ್ಲ. ಮನೆಯ ಹಿರಿಯರಿಗೆ ಬೆಂಗಳೂರು ಕೇಂದ್ರ ಒಂದು ಕೇಳಿಸಿದರೆ ಸಾಕು ಎಂದಿದ್ದರೆ ಸ್ಥಿರ ಕಂಡೆನ್ಸರುಗಳಲ್ಲೇ ಮುಗಿಸಬಹುದು. 240 ಮೈಕ್ರೊಹೆನ್ರಿಗೆ 612ರಲ್ಲಿ ಬೇಕಾದ ಒಟ್ಟು ಧಾರಕತೆ 282 ಪಿಕೊಫ್ಯಾರಡ್. ಕಾಣದ್ದಕ್ಕೆ 17 ಕಳೆಯಿರಿ. ಅಂಗಡಿಯಲ್ಲಿ ಸಿಗುವ 220 ಮತ್ತು 10 ಸಮಾಂತರವಾಗಿ ಹಾಕಿದರೆ ಇನ್ನೂ 35 ಉಳಿಯುತ್ತದೆ. 10ರಿಂದ 60ರ ಟ್ರಿಮ್ಮರಿಗೆ ಅದು ಸರಿಯಾಗಿ ನಡುಭಾಗ. ಟ್ರಿಮ್ಮರ್ ನಡುವಿನಲ್ಲಿ ನಿಲ್ಲುವಂತೆ ಆರಿಸುವುದು ಮುಖ್ಯ, ಏಕೆಂದರೆ 220 ಎಂದು ಬರೆದದ್ದರಲ್ಲಿ ಶೇಕಡ 5ರಷ್ಟು, ಅಂದರೆ 11 ಪಿಕೊಫ್ಯಾರಡ್ ಆಚೀಚೆ ಇರಬಹುದು. ಧಾರವಾಡಕ್ಕೆ ಒಟ್ಟು 180 ಬೇಕು: 120, 10, ಮತ್ತು ಅದೇ ಟ್ರಿಮ್ಮರ್.

ಇಲ್ಲಿ ಕಂಡೆನ್ಸರಿನ ಜಾತಿ ನೋಡಿ ಕೊಳ್ಳಿ. ಸಿಲ್ವರ್ ಮೈಕಾ, ಪಾಲಿಸ್ಟೈರೀನ್, ಅಥವಾ ಎನ್‌ಪಿಒ ಎಂಬ ಗುರುತಿನ ಸಿರಾಮಿಕ್ ಆಗಬೇಕು. ಅಗ್ಗದ ಸಿರಾಮಿಕ್ ಬಿಲ್ಲೆಗಳಲ್ಲಿ ಕೆಲವು ಜಾತಿಯವು ಬಿಸಿಲೇರಿದಂತೆ ಬೆಲೆ ಬದಲಿಸುತ್ತವೆ. ಬೆಳಿಗ್ಗೆ ಸರಿಯಾಗಿ ಕೂರಿಸಿದ ಕೇಂದ್ರ ಮಧ್ಯಾಹ್ನಕ್ಕೆ ಜಾರಿರುತ್ತದೆ.

ಒಂದೇ ಕೇಂದ್ರವಾದರೆ ಕಾಯಿಲ್ ಯಾವ ಬೆಲೆಯದಾದರೂ ಆಗಬಹುದಲ್ಲ ಎನ್ನಿಸಬಹುದು. 50 ಮೈಕ್ರೊಹೆನ್ರಿಯ ಪುಟ್ಟ ಕಾಯಿಲ್ ಸುತ್ತಿ 1350 ಪಿಕೊಫ್ಯಾರಡ್ ಹಾಕಿದರೂ 612 ಬರುತ್ತದೆ. ಆದರೆ ಕ್ಯೂ ಅಷ್ಟೇ ಇದ್ದರೂ ಮಂಡಲದ ರೋಧ 138 ಕಿಲೊಓಮ್ ಬದಲು 29ಕ್ಕೆ ಇಳಿಯುತ್ತದೆ, ಡಯೋಡಿಗೆ ಸಿಗುವ ವೋಲ್ಟೇಜು ಸೊರಗುತ್ತದೆ. ಅತ್ತ 1000 ಮೈಕ್ರೊಹೆನ್ರಿಗೆ ಹೋದರೆ ಒಟ್ಟು ಧಾರಕತೆ 68, ಅದರಲ್ಲಿ ಕಾಲುಭಾಗ ಕಾಣದ ಪಿಕೊಫ್ಯಾರಡ್‌ಗಳೇ. ತಂತಿ ಅಲುಗಿದರೂ ಕೇಂದ್ರ ಅಲುಗುತ್ತದೆ. ಮಧ್ಯಮ ತರಂಗಕ್ಕೆ 200ರಿಂದ 300ರ ನಡುವೆ ಇರುವುದೇ ಲೇಸು.

ಏಳನೆಯ ಹೆಜ್ಜೆ: ಪರೀಕ್ಷಿಸಿ, ಶ್ರುತಿ ಸೇರಿಸುವುದು

ಡಯೋಡ್, ಆಂಟೆನಾ ಜೋಡಿಸುವ ಮೊದಲು ಕಾಯಿಲ್ ಮತ್ತು ಗ್ಯಾಂಗ್ ಎರಡನ್ನೇ ಜೋಡಿಸಿ. ಮನೆಯ ಟ್ರಾನ್ಸಿಸ್ಟರನ್ನು ಕ್ಷೀಣವಾಗಿ ಕೇಳುವ ಒಂದು ಕೇಂದ್ರಕ್ಕೆ ಇಟ್ಟು, ಅದರ ಫೆರೈಟ್ ಕಡ್ಡಿಯ ಸಾಲಿನಲ್ಲೇ, ಒಂದಂಗುಲ ಆಚೆ, ನಿಮ್ಮ ಕಾಯಿಲನ್ನು ಹಿಡಿಯಿರಿ. ಗ್ಯಾಂಗ್ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಟ್ರಾನ್ಸಿಸ್ಟರಿನ ಧ್ವನಿ ಥಟ್ಟನೆ ಬದಲಾಗುತ್ತದೆ, ಸಾಮಾನ್ಯವಾಗಿ ಏರುತ್ತದೆ. ಆಗ ನಿಮ್ಮ ಮಂಡಲ ಆ ಕೇಂದ್ರದ ಆವೃತ್ತಿಗೆ ಬಂದು ನಿಂತಿದೆ. ಸಿಗ್ನಲ್ ಜನರೇಟರ್ ಇಲ್ಲದವರಿಗೆ ಇದಕ್ಕಿಂತ ಸರಳವಾದ ಅಳತೆಯ ಸಾಧನ ನನಗೆ ಕಂಡಿಲ್ಲ.

ಈಗ ಎಲ್ಲವನ್ನೂ ಜೋಡಿಸಿ. ಬೆಂಗಳೂರು ಮತ್ತು ಧಾರವಾಡ ಕೇಂದ್ರಗಳ ನಡುವೆ ಒಂದು ಚೆಲುವಾದ ಸಂಬಂಧವಿದೆ. 765ನ್ನು 612ರಿಂದ ಭಾಗಿಸಿದರೆ ಸರಿಯಾಗಿ 1.25, ಐದಕ್ಕೆ ನಾಲ್ಕು. ಬೆಂಗಳೂರನ್ನು ಷಡ್ಜವೆಂದು ಹಿಡಿದರೆ ಧಾರವಾಡ ಶುದ್ಧ ಗಾಂಧಾರದಲ್ಲಿ ಕೂರುತ್ತದೆ. ಹಿಂದೂಸ್ತಾನಿ ಸಂಗೀತದ ಊರಿಗೆ ಒಪ್ಪುವ ಸ್ಥಾನವೇ ಸರಿ. ಲೆಕ್ಕಕ್ಕೂ ಇದು ಅನುಕೂಲ: ಎರಡು ಕೇಂದ್ರಗಳ ಒಟ್ಟು ಧಾರಕತೆಗಳ ಅನುಪಾತ 1.5625 ಆಗಲೇಬೇಕು. ಎರಡೂ ಕೇಂದ್ರ ಸಿಕ್ಕ ಜಾಗಗಳಲ್ಲಿ ಗ್ಯಾಂಗಿಗೆ ಗುರುತು ಹಾಕಿ, ಬಿಚ್ಚಿ ಅಳೆಯಿರಿ. ಧಾರವಾಡದ ಅಳತೆಯನ್ನು 1.5625ರಿಂದ ಗುಣಿಸಿ, ಬೆಂಗಳೂರಿನ ಅಳತೆಯಿಂದ ಕಳೆದು, 0.5625ರಿಂದ ಭಾಗಿಸಿದರೆ ನಿಮ್ಮ ಕಾಣದ ಧಾರಕತೆ ಒಟ್ಟು ಎಷ್ಟೆಂದು ಹೊರಬೀಳುತ್ತದೆ. ಉದಾಹರಣೆಗೆ 254 ಮತ್ತು 153 ಬಂದರೆ ಉತ್ತರ ಸುಮಾರು 27. ಆದರೆ ಎಚ್ಚರ, ಧಾರವಾಡದ ಅಳತೆಯಲ್ಲಿ 1 ಪಿಕೊಫ್ಯಾರಡ್ ತಪ್ಪಿದರೆ ಉತ್ತರದಲ್ಲಿ ಮೂರರಷ್ಟು ತಪ್ಪುತ್ತದೆ. ಕರಾವಳಿಯವರು ಬೆಂಗಳೂರು ಮತ್ತು ಮಂಗಳೂರನ್ನು ಬಳಸಿದರೆ ಆ ತಪ್ಪು ಅರ್ಧಕ್ಕೆ ಇಳಿಯುತ್ತದೆ, ಅಲ್ಲಿನ ಅನುಪಾತ 3.166. ಎರಡು ಕೇಂದ್ರಗಳು ದೂರವಿದ್ದಷ್ಟೂ ಅಳತೆ ಗಟ್ಟಿ.

ಇನ್ನು ಕೊನೆಯ ಹೊಂದಿಕೆ. ತಂಬೂರಿಗೆ ಬಿರಡೆಯೂ ಇದೆ, ಮಣಿಯೂ ಇದೆ. ಇಲ್ಲಿ ಕಾಯಿಲ್ ಬಿರಡೆ, ಟ್ರಿಮ್ಮರ್ ಮಣಿ. ಕೆಳಗಿನ ತುದಿಯ ಕೇಂದ್ರ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಕಾಯಿಲನ್ನು ಸರಿಪಡಿಸಿ: ಬೆಂಗಳೂರು ಬರುವಾಗ ಗ್ಯಾಂಗ್ 254ಕ್ಕಿಂತ ಕಡಿಮೆ ತೋರಿಸಿದರೆ ಪ್ರೇರಕತೆ ಹೆಚ್ಚಾಗಿದೆ, ಆಂಟೆನಾ ಕಡೆಯ ತುದಿಯಿಂದ ಒಂದು ಸುತ್ತು ಬಿಚ್ಚಿ. ಮೇಲಿನ ತುದಿಯ ಕೇಂದ್ರವನ್ನು ಟ್ರಿಮ್ಮರಿನಿಂದ ಸರಿಪಡಿಸಿ. ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಜಾರುತ್ತದೆ, ಆದ್ದರಿಂದ ಎರಡು ಮೂರು ಬಾರಿ ಕೆಳಗೆ ಮೇಲೆ ಮಾಡಬೇಕು. ಕ್ರಮ ತಪ್ಪಿಸಿ ಮೇಲಿನ ತುದಿಯನ್ನು ಸುತ್ತು ಬಿಚ್ಚಿ ಸರಿಪಡಿಸಲು ಹೋದರೆ ಸಂಜೆಯಾದರೂ ಮುಗಿಯುವುದಿಲ್ಲ. ಮುಗಿದ ಮೇಲೆ ಸುತ್ತುಗಳು ಸಡಿಲವಾಗದಂತೆ ಎರಡು ಕಡೆ ಮೇಣದ ಹನಿ ಬಿಡಿ.

ಕೇಳತೊಡಗಿದ ಮೇಲೆ ಒಂದು ವಿಷಯ ನಿಮ್ಮ ಕೈಗೇ ಗೊತ್ತಾಗುತ್ತದೆ: ಕೆಳಗಿನ ತುದಿಯಲ್ಲಿ ಕೇಂದ್ರಗಳು ಆರಾಮವಾಗಿ ಹರಡಿಕೊಂಡಿರುತ್ತವೆ, ಮೇಲಿನ ತುದಿಯಲ್ಲಿ ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. 612ರ ಬಳಿ 9 ಕಿಲೊಹರ್ಟ್ಸ್ ಸರಿಯಲು 8 ಪಿಕೊಫ್ಯಾರಡ್ ಬದಲಾಗಬೇಕು. 1602ರ ಬಳಿ ಅಷ್ಟೇ ಸರಿಯಲು ಅರ್ಧ ಪಿಕೊಫ್ಯಾರಡ್ ಕೂಡ ಬೇಡ. ರಾತ್ರಿ ದೂರದ ಕೇಂದ್ರಗಳನ್ನು ಹುಡುಕುವ ಆಸೆಯಿದ್ದರೆ ಗ್ಯಾಂಗಿಗೆ ಸಮಾಂತರವಾಗಿ 10 ಪಿಕೊಫ್ಯಾರಡ್‌ನ ಇನ್ನೊಂದು ಪುಟ್ಟ ತಿರುಗಿಸುವ ಕಂಡೆನ್ಸರ್ ಹಾಕಿ, ಅದಕ್ಕೆ ಬೇರೆ ಗುಂಡಿ ಕೊಡಿ. ದೊಡ್ಡದರಲ್ಲಿ ಹತ್ತಿರಕ್ಕೆ ಬಂದು ಚಿಕ್ಕದರಲ್ಲಿ ನಿಖರವಾಗಿ ಕೂರಿಸಬಹುದು. ಅದನ್ನು ಅರ್ಧ ತಿರುಗಿಸಿಟ್ಟು, ಅಲ್ಲಿ ಅದು ತೋರಿಸುವ ಆರೇಳು ಪಿಕೊಫ್ಯಾರಡ್‌ಗಳನ್ನು ಟ್ರಿಮ್ಮರಿನ ಪಾಲಿನಿಂದ ಕಳೆಯಲು ಮರೆಯಬೇಡಿ.